ಬೈಲಿನ ತೋಟದಲ್ಲಿ ಬೂದು ಮಣ್ಣು, ನೀರಿನ ಮೇಲೆ ಎಣ್ಣೆಯಂಥ ಪದರ. ಸುಣ್ಣ ಹಾಕಬೇಕಾ?

ಮುಳ್ಳೇರಿಯ ಬೈಲು:
ಅಜ್ಜನ ಕಾಲದ ಗದ್ದೆಯಲ್ಲಿ ಅಡಿಕೆ ಇದೆ. ಮಳೆ ಬಿಟ್ಟು ತಿಂಗಳಾದರೂ ತೋಡಿನ (ಹಳ್ಳದ) ಬದಿಯ ಮೂರು ಸಾಲಲ್ಲಿ ನೀರು ಇಳಿಯುವುದಿಲ್ಲ, ಸೋಗೆ ಹಳದಿ. ಅಗೆದರೆ ಬೂದು ಮಣ್ಣು, ನಡುನಡುವೆ ತುಕ್ಕಿನ ಚುಕ್ಕೆ, ಕೊಳೆತ ಮೊಟ್ಟೆಯ ವಾಸನೆ. ಸ್ವಲ್ಪ ಮೇಲೆ ಗುಡ್ಡೆಯಲ್ಲಿ ಮಾತ್ರ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಕೆಂಪು ಮಣ್ಣು! ಕಣಿಯ (ಸಣ್ಣ ಕಾಲುವೆಯ) ನೀರಿನ ಮೇಲೆ ಬಣ್ಣಬಣ್ಣದ ಪದರ ಬೇರೆ. ಪಂಪಿನ ಡೀಸೆಲ್ ಸೋರಿತಾ ಅಂತ ಹೆದರಿಕೆ. ಸುಣ್ಣ ಹಾಕಿದರೆ ಸರಿಯಾಗುತ್ತಾ?

ಪೆರ್ಲದವ:
ಪದರವನ್ನು ಕೋಲಿಂದ ಕದಡಿ ನೋಡಿ. ಚೂರುಚೂರಾಗಿ ಒಡೆದು ಹಾಗೇ ನಿಂತರೆ ಅದು ಕಬ್ಬಿಣದ್ದು, ಹೆದರಬೇಡಿ. ಡೀಸೆಲ್ ಆದರೆ ಕೂಡಲೇ ಮತ್ತೆ ಕೂಡಿಕೊಳ್ಳುತ್ತದೆ.

ಮಣ್ಣು ಮೇಷ್ಟ್ರು:
ಹೌದು, ಗುಡ್ಡೆಯಲ್ಲಿ ಕೆಂಪಾಗಿರುವುದೂ ಕಬ್ಬಿಣವೇ. ಅಲ್ಲಿ ನೀರು ಬಸಿದು ಹೋಗುತ್ತದೆ, ಗಾಳಿ ಸಿಗುತ್ತದೆ. ನಮ್ಮ ಜೋರು ಮಳೆ ಲಕ್ಷಾಂತರ ವರ್ಷ ಸುಣ್ಣದಂಶ, ಮರಳಿನಂಶ ಎಲ್ಲ ತೊಳೆದು ಕಬ್ಬಿಣ, ಅಲ್ಯೂಮಿನಿಯಂ ಉಳಿಸಿದ್ದರಿಂದಲೇ ಮುರಕಲ್ಲು ಆದದ್ದು. (ಬ್ರಿಟಿಷರ ಕಾಲದಲ್ಲಿ ಈ ಕಡೆ ಸರ್ವೇ ಮಾಡಿದ ಫ್ರಾನ್ಸಿಸ್ ಬ್ಯುಕನನ್ 1807ರಲ್ಲಿ ಲ್ಯಾಟರೈಟ್ ಅಂತ ಹೆಸರಿಟ್ಟದ್ದೂ ಮಲಪ್ಪುರಂ ಕಡೆಯ ಅಂಗಾಡಿಪುರದಲ್ಲಿ ಕಂಡ ಇಂಥ ಕಲ್ಲಿಗೇ.) ಬೈಲಲ್ಲಿ ನೀರು ನಿಂತರೆ ಮಣ್ಣಿನ ಆಮ್ಲಜನಕ ಒಂದೆರಡು ದಿನದಲ್ಲೇ ಮುಗಿಯುತ್ತದೆ. ಆಗ ಸೂಕ್ಷ್ಮಜೀವಿಗಳು ಉಸಿರಾಡಲು ಮೊದಲು ನೈಟ್ರೇಟ್, ಆಮೇಲೆ ಮ್ಯಾಂಗನೀಸ್, ಕಬ್ಬಿಣ, ಕೊನೆಗೆ ಸಲ್ಫೇಟ್ ಬಳಸುತ್ತವೆ. ನೈಟ್ರೇಟ್ ಗಾಳಿಗೆ ಹೋಗುತ್ತದೆ, ನೀವು ಹಾಕಿದ ಯೂರಿಯಾದ ಒಂದು ಪಾಲೂ ಹಾಗೇ ಹೋಗುತ್ತದೆ. ಕಬ್ಬಿಣ ನೀರಲ್ಲಿ ಕರಗಿ ಮಣ್ಣು ಬೂದಾಗುತ್ತದೆ. ಬೇರಿನ ಜಾಡಲ್ಲಿ ಗಾಳಿ ಸಿಕ್ಕಿದ ಕಡೆ ಮಾತ್ರ ಅದು ಮತ್ತೆ ತುಕ್ಕಾಗುತ್ತದೆ, ನೀವು ಕಂಡ ಚುಕ್ಕೆ ಅದೇ. ಮೊಟ್ಟೆ ವಾಸನೆ ಬಂದಿದೆ ಅಂದರೆ ಸಲ್ಫೇಟ್‌ವರೆಗೂ ಮುಟ್ಟಿದೆ. ಆ ವಾಸನೆಯ ಅನಿಲ (ಹೈಡ್ರೋಜನ್ ಸಲ್ಫೈಡ್) ಬೇರಿಗೆ ವಿಷ.

ಬದಿಯಡ್ಕ ತೋಟ:
ನಾನು ಎರಡು ವರ್ಷ ಸುಮ್ನೆ ಸುಣ್ಣ ಸುರಿದೆ, ಹಳದಿ ಹೋಗಲಿಲ್ಲ. ಮತ್ತೆ ಸಾಲುಗಳ ನಡುವೆ ಉಜಿರುಕಣಿ (ನೀರು ಬಸಿದು ಹೋಗುವ ಕಾಲುವೆ) ತೆಗೆಸಿದೆ, ನೆಟ್ಟ ಗುಂಡಿಯ ತಳಕ್ಕಿಂತ ಒಂದು ಗೇಣು ಕೆಳಗೆ. ಮರುವರ್ಷ ಹೊಸ ಸೋಗೆ ಹಸಿರು ಬಂತು. ಕಣಿ ತೋಡಿಗೆ ಸರಿಯಾಗಿ ಸೇರಬೇಕು. ಇಲ್ಲದಿದ್ದರೆ ಅದೂ ಒಂದು ಕೆರೆಯೇ ಅಲ್ವಾ?

ಮಣ್ಣು ಮೇಷ್ಟ್ರು:
ಇನ್ನೊಂದು ವಿಷಯ, ಸುಣ್ಣ ಹಾಕುವುದು ಮಣ್ಣಿನ ಹುಳಿ (ಆಮ್ಲೀಯತೆ) ಇಳಿಸಲು. ನೀರು ನಿಂತಾಗ ಹುಳಿ ಮಣ್ಣಿನ ಹುಳಿ ತಾನಾಗಿ ಇಳಿಯುತ್ತದೆ, ಆರಿದ ಮೇಲೆ ವಾಪಸ್ ಬರುತ್ತದೆ. ಹಾಗಾಗಿ ಕಣಿ ತೆಗೆದು, ಮಣ್ಣು ಆರಿದ ಮೇಲೆ ಪರೀಕ್ಷೆಗೆ ಕೊಡಿ. ಸುಣ್ಣ ಎಷ್ಟು ಬೇಕು ಅಂತ ಆಗಲೇ ಗೊತ್ತಾಗುವುದು.

ಮುಳ್ಳೇರಿಯ ಬೈಲು:
ಕೋಲಿಂದ ಕದಡಿದೆ, ಪದರ ಚೂರುಚೂರಾಯಿತು. ದೊಡ್ಡ ನೆಮ್ಮದಿ. ತೋಡಿನ ತಗ್ಗು ನೋಡಿಕೊಂಡು ಈ ವಾರವೇ ಕಣಿಗೆ ಆಳು ಕರೆಯುತ್ತೇನೆ.