ಸಹಾಯ ಬೇಕು: ದೊಡ್ಡಪೇಟೆಯ ಹಳೆಯ ಮನೆಗಳ ಸಂಜೆ ನಡಿಗೆ

ಚಿತ್ರದುರ್ಗದ ಬಂಧುಗಳಿಗೆ ನಮಸ್ಕಾರ.

ಪ್ರವಾಸಿಗರು ಬಸ್ಸಿಳಿದರೆ ಏಳುಸುತ್ತಿನ ಕೋಟೆ ನೋಡಿ ಹೊರಟುಬಿಡುತ್ತಾರೆ. ಕೋಟೆಯ ಕೆಳಗಿನ ಪೇಟೆಯನ್ನು ಯಾರೂ ತಿರುಗಿ ನೋಡುವುದಿಲ್ಲ. ಅದಕ್ಕಾಗಿ ನಾವು ಕೆಲವರು ಸೇರಿ ಹಳೆಯ ಕೋಟೆಬಾಗಿಲಾದ ರಂಗಯ್ಯನ ಬಾಗಿಲಿನಿಂದ ಹೊರಟು ದೊಡ್ಡಪೇಟೆಯ ಹಳೆಯ ಮನೆಗಳನ್ನು ತೋರಿಸುವ ಸಂಜೆ ನಡಿಗೆಯೊಂದನ್ನು ಯೋಜಿಸುತ್ತಿದ್ದೇವೆ.

ಮುಖ್ಯವಾಗಿ ಬೇಕಿರುವುದು ಮನೆಯವರ ಒಪ್ಪಿಗೆ. ಜಗುಲಿ, ಪಡಸಾಲೆ, ತೊಟ್ಟಿ ಇಷ್ಟನ್ನು ತೋರಿಸಿದರೆ ಸಾಕು. ಅಡುಗೆಮನೆ, ದೇವರ ಕೋಣೆಯ ಕಡೆ ಯಾರೂ ಬರುವುದಿಲ್ಲ. ಕೆತ್ತನೆಯ ಬಾಗಿಲುವಾಡವಿದ್ದರೆ, ಮಣ್ಣಿನ ಮಾಳಿಗೆ ಇನ್ನೂ ಉಳಿದಿದ್ದರೆ ದಯವಿಟ್ಟು ತಿಳಿಸಿ. ತೊಲೆ, ಜಂತೆ ಹಾಸಿ ಮೇಲೆ ಮಣ್ಣು ಬಡಿದು, ಮಳೆಗಾಲಕ್ಕೆ ಮುಂಚೆ ಸವುಳು ಮಣ್ಣು ಹರಡುತ್ತಿದ್ದ ಆ ಕೆಲಸವನ್ನು ಬಲ್ಲ ಹಿರಿಯರು ಯಾರಾದರೂ ಬಂದು ವಿವರಿಸಿದರೆ ನಮ್ಮ ಭಾಗ್ಯ. ಅವರನ್ನು ಮನೆಯಿಂದ ಕರೆತಂದು ಮತ್ತೆ ಬಿಟ್ಟುಬರುವ ಹೊಣೆ ನಮ್ಮದು.

1779ರಲ್ಲಿ ಹೈದರಾಲಿ ದುರ್ಗವನ್ನು ಗೆದ್ದ ಕಥೆ ಎಲ್ಲರಿಗೂ ಗೊತ್ತು. ಆಮೇಲಿನ ಪೇಟೆಯ ಬದುಕು, ವ್ಯಾಪಾರ, ಕೂಡುಕುಟುಂಬಗಳ ಸಂಗತಿಯೇ ನಮಗೆ ಬೇಕಾದದ್ದು. ಹಳೆಯ ಫೋಟೊ, ಮನೆಪತ್ರಗಳಿದ್ದರೆ ನಿಮ್ಮೆದುರಿಗೇ ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡು ಅಲ್ಲೇ ಹಿಂದಿರುಗಿಸುತ್ತೇವೆ.

ಮನೆ ಕೆಡವಲು ತೀರ್ಮಾನಿಸಿರುವವರು ದಯಮಾಡಿ ಮೊದಲೇ ಹೇಳಿ, ಅಲ್ಲಿಗೇ ಮೊದಲು ಬರುತ್ತೇವೆ. ಒಪ್ಪುವವರು ಇಲ್ಲೇ ಉತ್ತರಿಸಿ.