ಪದಚರ್ಚೆ: ‘ಫ್ರೀ’ ಆದ ಮೆಮೊರಿ ಬ್ಲಾಕಿಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಡಿಸ್ಕ್ ಡ್ರೈವರ್ (ಡಿಸ್ಕನ್ನು ನಡೆಸುವ ತಂತ್ರಾಂಶ) ಒಂದರ ಸೆಟಿಂಗ್ಸ್ ಪರದೆ ಕನ್ನಡಕ್ಕೆ ಬರುತ್ತಿದೆ. ಕಡತವನ್ನು ನಾಳೆ ಬೆಳಿಗ್ಗೆ ಒಪ್ಪಿಸಬೇಕು. ನಾಲ್ಕು ಪದ ಉಳಿದಿವೆ: ಫ್ರೀ ಲಿಸ್ಟ್, ಲುಕಸೈಡ್ ಲಿಸ್ಟ್, ಲುಕಸೈಡ್ ಡೆಪ್ತ್, ರಿಸರ್ವ್ ಪೂಲ್.

ಸಂದರ್ಭ ಇಷ್ಟು. ಡಿಸ್ಕಿನಿಂದ ಓದುವ, ಬರೆಯುವ ಪ್ರತಿ ಕೋರಿಕೆಗೂ ಡ್ರೈವರಿಗೆ ಮೆಮೊರಿಯಲ್ಲಿ ಒಂದೇ ಅಳತೆಯ ಚಿಕ್ಕ ಬ್ಲಾಕ್ ಬೇಕು. ಕೆಲಸ ಮುಗಿದ ಬ್ಲಾಕನ್ನು ಕರ್ನೆಲ್ಲಿಗೆ (ಕಾರ್ಯಾಚರಣ ವ್ಯವಸ್ಥೆಯ ತಿರುಳಿಗೆ) ಹಿಂದಿರುಗಿಸದೆ ತನ್ನ ಬಳಿಯೇ ಒಂದು ಪಟ್ಟಿಯಲ್ಲಿ (ಫ್ರೀ ಲಿಸ್ಟ್) ಇಟ್ಟುಕೊಂಡು ಮುಂದಿನ ಕೋರಿಕೆಗೆ ಅದನ್ನೇ ಕೊಡುತ್ತದೆ. ವೇಗ ಬರುವುದು ಅದರಿಂದ. ಈ ಪಟ್ಟಿಗೆ ಹಳೆಯ ಆವೃತ್ತಿಯಲ್ಲಿ ‘ಮುಕ್ತ ಸ್ಮೃತಿ ಪಟ್ಟಿ’ ಎಂದಿದೆ, ನನಗೆ ಹಿಡಿಸಿಲ್ಲ. ಒಂದೊಂದು ಪದಕ್ಕೆ 48 ಬೈಟು ಜಾಗ, ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಕ್ರಮ).

* * *

> ನನಗೆ ಹಿಡಿಸಿಲ್ಲ

‘ಖಾಲಿ ಪಟ್ಟಿ’. ಎಲ್ಲರಿಗೂ ತಿಳಿಯುತ್ತದೆ. ಇದರಲ್ಲಿ ಚರ್ಚಿಸುವಂಥದ್ದೇನೂ ಇಲ್ಲ.

* * *

> ‘ಖಾಲಿ ಪಟ್ಟಿ’. ಎಲ್ಲರಿಗೂ ತಿಳಿಯುತ್ತದೆ.

ತಪ್ಪಾಗಿ ತಿಳಿಯುತ್ತದೆ ಸರ್. ‘ಖಾಲಿ ಪಟ್ಟಿ’ ಎಂದರೆ ಏನೂ ಇಲ್ಲದ ಪಟ್ಟಿ. ಡ್ರೈವರಿಗೆ ಅದು ಬೇರೆಯೇ ಸ್ಥಿತಿ: ಎತ್ತಿಕೊಳ್ಳಲು ಒಂದು ಬ್ಲಾಕೂ ಇಲ್ಲ, ಸುತ್ತಿನ ದಾರಿಯಲ್ಲಿ ಕರ್ನೆಲ್ಲಿನ ಹತ್ತಿರ ಹೋಗಬೇಕು. ನಿರ್ವಾಹಕರು ‘ಖಾಲಿ ಪಟ್ಟಿ: 200’ ಎಂದು ಓದಿ ಏನು ಮಾಡಬೇಕು?

ಇನ್ನು, ಬ್ಲಾಕು ಖಾಲಿಯೂ ಅಲ್ಲ. ಬಿಟ್ಟ ಬ್ಲಾಕಿನ ಮೊದಲ 8 ಬೈಟಿನಲ್ಲಿ ಸಾಮಾನ್ಯವಾಗಿ ಪಟ್ಟಿಯ ಮುಂದಿನ ಬ್ಲಾಕಿನ ವಿಳಾಸ ಕೂರುತ್ತದೆ. ಮಿಕ್ಕದ್ದೆಲ್ಲ ಹಿಂದಿನ ಕೋರಿಕೆಯದೇ. ಎನ್‌ವಿಎಂಇ (ವೇಗದ ಡಿಸ್ಕುಗಳ ಒಂದು ಬಗೆ) ಡ್ರೈವರಿನ ವಿಳಾಸಪಟ್ಟಿ ಇರುವ ಮೆಮೊರಿ ಪುಟವನ್ನೇ ನೋಡಿ: 4096 ಬೈಟು, ಒಂದೊಂದು ವಿಳಾಸಕ್ಕೆ 8 ಬೈಟು, ಒಟ್ಟು 512 ವಿಳಾಸ. ಹೊಸ ಕೋರಿಕೆ 20 ವಿಳಾಸ ಮಾತ್ರ ತುಂಬಿದರೆ ಉಳಿದ 492 ಹಳೆಯವೇ. ಉದ್ದದ ಲೆಕ್ಕ ಒಂದು ತಪ್ಪಿದರೆ ಸಾಧನ ನೇರವಾಗಿ ಇನ್ನೊಬ್ಬರ ಮೆಮೊರಿಗೆ ಬರೆಯುತ್ತದೆ. ಇದನ್ನು ‘ಖಾಲಿ’ ಎಂದು ಕರೆದರೆ ಓದಿದವರು ಸೊನ್ನೆ ತುಂಬಿದೆ ಎಂದುಕೊಳ್ಳುತ್ತಾರೆ.

1994ರಲ್ಲಿ ಜೆಫ್ ಬಾನ್ವಿಕ್ ಸೋಲಾರಿಸ್ 2.4 ಎಂಬ ಕಾರ್ಯಾಚರಣ ವ್ಯವಸ್ಥೆಗೆ ಮಾಡಿದ ‘ಸ್ಲ್ಯಾಬ್’ ಎಂಬ ಮೆಮೊರಿ ಹಂಚಿಕೆಯ ತಿರುಳೂ ಇದೇ. ಬಿಟ್ಟ ವಸ್ತುವಿನ ಲಾಕು, ಎಣಿಕೆ ಮುಂತಾದವನ್ನು ಕೆಡಹುವುದಿಲ್ಲ. ಕಟ್ಟಿದಂತೆಯೇ ಇರುತ್ತದೆ, ಮುಂದಿನವರು ಬಂದು ಕೂರುತ್ತಾರೆ.

ನನ್ನ ಸಲಹೆ: ತೆರವು ಪಟ್ಟಿ.

* * *

‘ತೆರವು’ ಸರಿಯಾದ ಪದ. ಮೂಲ ‘ತೆಱೆ’, ತೆರೆದುಕೊಳ್ಳುವುದು. ತಮಿಳಿನ ‘ತಿಱ’ ಇದರ ಒಡಹುಟ್ಟು. ಹಳಗನ್ನಡದಲ್ಲಿ ತೆಱಪು, ತೆಱವು: ನಡುವಿನ ಬಿಡುವು, ಎಡೆ. ಶಕಟರೇಫ (ಱ) ಹೋದ ಮೇಲೆ ಇದು ಕಡಲಿನ ‘ತೆರೆ’ಯೊಂದಿಗೆ ಒಂದೇ ಬರಹದಲ್ಲಿ ಬೆರೆತುಹೋಗಿದೆ, ಅದಕ್ಕೇ ಮೂಲ ಮರೆತಿದ್ದೇವೆ.

ಇಂದಿನ ಬಳಕೆಯೂ ಪೂರಾ ಹೊಂದುತ್ತದೆ. ‘ತೆರವಾದ ಸ್ಥಾನ’ ಎನ್ನುತ್ತೇವೆ. ಸ್ಥಾನ ಅಳಿಯುವುದಿಲ್ಲ, ಅದರ ಅಳತೆ ಬದಲಾಗುವುದಿಲ್ಲ. ಇದ್ದವರು ಹೋಗಿದ್ದಾರೆ, ಇನ್ನೊಬ್ಬರು ಬರಬಹುದು. ‘ಮುಕ್ತ’ದಲ್ಲಿ ಈ ಅರ್ಥ ಇಲ್ಲವೇ ಇಲ್ಲ. ಅದು ಬಂಧನ ಬಿಟ್ಟದ್ದು, ಯಾರೂ ಬರಬಹುದಾದದ್ದು. ಮುಕ್ತ ತಂತ್ರಾಂಶ, ಮುಕ್ತ ವಿಶ್ವವಿದ್ಯಾಲಯ ಎಂದು ಆ ಪದ ಬೇರೆ ಕೆಲಸಕ್ಕೆ ನಿಂತಾಗಿದೆ.

* * *

ತೆರವು ಒಪ್ಪಿದೆ. ಆದರೆ ‘ಪಟ್ಟಿ’ ಏಕೆ? ಅದು ಸಂಸ್ಕೃತದ ‘ಪಟ್ಟಿಕಾ’. ‘ತೆರವು ಸಾಲು’ ಎನ್ನಿ. ‘ಸ್ಮೃತಿ’ಯೂ ಬೇಡ, ‘ನೆನಪು’ ಇದೆ. ‘ಬ್ಲಾಕ್’ ಬೇಡ, ‘ತುಣುಕು’ ಇದೆ. ‘ಡ್ರೈವರ್’ಗೆ ‘ನಡೆಸುಗ’. ಒಂದನ್ನು ಬಿಟ್ಟರೆ ಎಲ್ಲವೂ ನುಗ್ಗುತ್ತವೆ. ಹುರುಳು ನಮ್ಮದಾಗಬೇಕಾದರೆ ಒರೆಯೂ ನಮ್ಮದಾಗಬೇಕು.

* * *

> ‘ತೆರವು ಸಾಲು’ ಎನ್ನಿ

ಬೇಡ. ಡ್ರೈವರಿನಲ್ಲಿ ‘ಸಾಲು’ ಎಂದರೆ ಕ್ಯೂ. ಆಜ್ಞೆಗಳು ಮೊದಲು ಬಂದದ್ದು ಮೊದಲು ಎಂಬಂತೆ ನಿಲ್ಲುವ ಜಾಗ ಅದು. ತೆರವಾದ ಬ್ಲಾಕುಗಳು ತಿರುವುಮುರುವಾಗಿ ಹೋಗುತ್ತವೆ: ಕೊನೆಗೆ ಇಟ್ಟದ್ದನ್ನು ಮೊದಲು ತೆಗೆಯುತ್ತಾರೆ, ಏಕೆಂದರೆ ಈಗಷ್ಟೇ ಬಿಟ್ಟದ್ದು ಇನ್ನೂ ಪ್ರೊಸೆಸರಿನ ಕ್ಯಾಶೆಯಲ್ಲಿ (ಅದರ ಪಕ್ಕದ ವೇಗದ ಮೆಮೊರಿಯಲ್ಲಿ) ಇರುವ ಸಂಭವ ಹೆಚ್ಚು. ಸಾಲು ಎಂದ ಕೂಡಲೇ ಆ ಕ್ರಮವೇ ತಲೆಕೆಳಗಾಗುತ್ತದೆ.

‘ತುಣುಕು’ ಕೂಡ ಆಗದು. ತುಣುಕು ಎಂದರೆ ಮುರಿದು ಚಿಕ್ಕದಾದದ್ದು. ಮೆಮೊರಿ ಒಡೆದು ಚೂರಾಗುವ ತೊಂದರೆಯೇ ಬೇರೆ ಇದೆ, ಆ ಪದ ಅದಕ್ಕೆ ಬೇಕು. ಒಂದೇ ಅಳತೆಯ ಬ್ಲಾಕುಗಳನ್ನು ಇಟ್ಟುಕೊಳ್ಳುವುದೇ ಆ ಚೂರಾಗುವಿಕೆಯನ್ನು ತಪ್ಪಿಸಲು.

ಎರವಲಿನ ಮಾತಿಗೆ: ಅರ್ಜಿ, ಬಾಕಿ, ವಸೂಲಿ ಇವೆಲ್ಲ ಅರಬ್ಬಿ ಮೂಲದವು. ಇವಿಲ್ಲದೆ ಒಂದು ಪತ್ರ ಬರೆದು ತೋರಿಸಿ. ಪಟ್ಟಿಯ ಹುಟ್ಟೂರು ಕೇಳುವುದಕ್ಕಿಂತ ಅದು ಕೆಲಸ ಮಾಡುತ್ತದೆಯೇ ಕೇಳಿ.

* * *

> ಇವಿಲ್ಲದೆ ಒಂದು ಪತ್ರ ಬರೆದು ತೋರಿಸಿ

ಬೇಡಿಕೆ, ಉಳಿಕೆ. ಬರೆಯಬಹುದು, ಬರೆಯುವ ಮನಸ್ಸಿಲ್ಲ ಅಷ್ಟೆ. ಹಳೆಯ ಎರವಲನ್ನು ತೋರಿಸಿ ಹೊಸ ಎರವಲಿಗೆ ಬಾಗಿಲು ತೆರೆಯುವುದು ಸೋಮಾರಿತನ. ಆದರೆ ‘ಸಾಲು’ ವಿಷಯದಲ್ಲಿ ನೀವು ಹೇಳಿದ್ದು ಸರಿ, ಅದನ್ನು ಹಿಂತೆಗೆದುಕೊಂಡಿದ್ದೇನೆ.

* * *

ಕೇಳಿದ್ದು ನಾನು, ನನಗೆ ರಾತ್ರಿಯೊಳಗೆ ಪದ ಬೇಕು. ಫ್ರೀ ಲಿಸ್ಟ್ ‘ತೆರವು ಪಟ್ಟಿ’ ಆಯಿತು. ಲುಕಸೈಡ್ ಲಿಸ್ಟ್ ‘ಪಕ್ಕನೋಟ ಪಟ್ಟಿ’ ಆಗಬಹುದೇ? ಡೆಪ್ತ್ ‘ಆಳ’ವೇ? ರಿಸರ್ವ್ ಪೂಲ್‌ಗೆ ‘ಮರುಬಳಕೆ ಕೊಳ’ ಎಂದು ಯಾರೋ ಬರೆದಿಟ್ಟಿದ್ದಾರೆ.

* * *

‘ಪಕ್ಕನೋಟ’ ಪದಕ್ಕೆ ಪದ. ಓದುವವರಿಗೆ ಏನೂ ಹೇಳುವುದಿಲ್ಲ. ಕೆಲಸ ಏನು? ಮುಂದೆ ಬೇಕಾಗುತ್ತದೆಂದು ಎತ್ತಿಡುವುದು. ಕನ್ನಡದಲ್ಲಿ ‘ಎತ್ತಿಡು’ ಎಂಬ ಕ್ರಿಯಾಪದ ಇದ್ದೇ ಇದೆ. ‘ಎತ್ತಿಟ್ಟ ಪಟ್ಟಿ’ ಎನ್ನಿ.

‘ಆಳ’ ಬೇಡ. ಆ ಸಂಖ್ಯೆ ಹೇಳುವುದು ಎಷ್ಟು ಬ್ಲಾಕು ಎತ್ತಿಡಬಹುದು ಎಂದು. ಪಟ್ಟಿ ಆ ಸಂಖ್ಯೆ ಮುಟ್ಟಿದ ಮೇಲೆ ಬಿಟ್ಟ ಬ್ಲಾಕು ಕರ್ನೆಲ್ಲಿಗೇ ಹೋಗುತ್ತದೆ. ಸಂಖ್ಯೆ ತೀರಾ ಚಿಕ್ಕದಾದರೆ ಬ್ಲಾಕುಗಳು ಹೋಗಿ ಬರುತ್ತಲೇ ಇರುತ್ತವೆ, ಲಾಭ ಇಲ್ಲ. ದೊಡ್ಡದಾದರೆ ಭಾರ ಇಳಿದ ಮೇಲೂ ಮೆಮೊರಿ ಸುಮ್ಮನೆ ಕೂತಿರುತ್ತದೆ. ‘ಎತ್ತಿಡುವ ಮಿತಿ’ ಎಂದರೆ ಇದು ನೇರವಾಗಿ ತಿಳಿಯುತ್ತದೆ.

‘ಮರುಬಳಕೆ ಕೊಳ’ ಪೂರಾ ತಪ್ಪು, ದಯವಿಟ್ಟು ಅಳಿಸಿ. ಅದು ವೇಗಕ್ಕೆ ಇರುವುದಲ್ಲ. ಮೆಮೊರಿ ತೀರಿದಾಗ ಕರ್ನೆಲ್ ಬದಲಾದ ಪುಟಗಳನ್ನು ಡಿಸ್ಕಿಗೆ ಬರೆದು ಜಾಗ ಮಾಡಿಕೊಳ್ಳಲು ಹೊರಡುತ್ತದೆ. ಬರೆಯಲು ಡ್ರೈವರಿಗೇ ಒಂದು ಬ್ಲಾಕು ಬೇಕು, ಆ ಬ್ಲಾಕಿಗೆ ಮೆಮೊರಿ ಇಲ್ಲ. ಎರಡೂ ಒಂದಕ್ಕೊಂದು ಕಾಯುತ್ತ ನಿಲ್ಲುತ್ತವೆ. ಇದು ಆಗಬಾರದೆಂದು ಮೊದಲೇ ಕೆಲವು ಬ್ಲಾಕು ತೆಗೆದಿಡುತ್ತಾರೆ. ಲಿನಕ್ಸಿನಲ್ಲಿ ಇಂಥ ವ್ಯವಸ್ಥೆಯಾದ ಮೆಂಪೂಲ್ ಮೊದಲು ಸಾಮಾನ್ಯ ಹಂಚಿಕೆಯನ್ನೇ ಕೇಳುತ್ತದೆ, ಅಲ್ಲಿ ಸಿಗದಿದ್ದಾಗ ಮಾತ್ರ ಇದಕ್ಕೆ ಕೈ ಹಾಕುತ್ತದೆ. ಬ್ಲಾಕು ಹಿಂದಿರುಗಿದಾಗ ಇದರಲ್ಲಿ ಕೊರತೆ ಇದ್ದರೆ ಮೊದಲು ಇದನ್ನು ತುಂಬುತ್ತದೆ. ‘ಮೀಸಲು ಬ್ಲಾಕುಗಳು’. ‘ಮರುಬಳಕೆ’ ಎಂದು ಬರೆದರೆ ವೇಗ ಸಾಲದೆಂದು ಯಾರಾದರೂ ಅದನ್ನು ಏರಿಸುತ್ತಾರೆ, ಇಲ್ಲವೇ ಮೆಮೊರಿ ಉಳಿಸಲು ಸೊನ್ನೆ ಮಾಡುತ್ತಾರೆ.

ಸಹಾಯದ ಪುಟದಲ್ಲಿ ಇನ್ನೊಂದು ಕಡೆ ಎಚ್ಚರ. ‘ಬಿಟ್ಟ’ ಮತ್ತು ‘ತೆರವಾದ’ ಎರಡನ್ನೂ ಇಟ್ಟುಕೊಳ್ಳಿ, ಬೆರೆಸಬೇಡಿ. ಆಜ್ಞೆಗೆ ಕಾಲಾವಧಿ ಮುಗಿಯಿತೆಂದು ಡ್ರೈವರ್ ಬ್ಲಾಕನ್ನು ಬಿಡಬಹುದು, ಸಾಧನ ಇನ್ನೂ ಅದಕ್ಕೆ ಬರೆಯುತ್ತಿರಬಹುದು. ಆ ಹೊತ್ತಿಗೆ ಬ್ಲಾಕು ಇನ್ನೊಂದು ಕೋರಿಕೆಯ ಕೈ ಸೇರಿದ್ದರೆ ಅದರ ದತ್ತಾಂಶ ಕೆಡುತ್ತದೆ, ತಪ್ಪಿನ ಸಂದೇಶವೂ ಬರುವುದಿಲ್ಲ. ಸಾಧನವೂ ಕೈ ತೆಗೆದ ಮೇಲೆಯೇ ಅದು ತೆರವು. ಪರೀಕ್ಷೆಯ ಕರ್ನೆಲ್ಲಿನಲ್ಲಿ ಬಿಟ್ಟ ಬ್ಲಾಕಿಗೆ (ಹದಿನಾರರ ಎಣಿಕೆಯಲ್ಲಿ) 6ಬಿ ಎಂಬ ಬೈಟನ್ನು ತುಂಬಿ, ಕೊನೆಗೆ ಎ5 ಇಡುವುದು ಇಂಥ ತಪ್ಪು ಹಿಡಿಯಲು. ಇಂಗ್ಲಿಷಿನಲ್ಲಿ ಅದಕ್ಕೆ ‘ಪಾಯ್ಸನ್’ ಎನ್ನುತ್ತಾರೆ, ‘ವಿಷ’ ಎಂದು ಅನುವಾದಿಸಬೇಡಿ, ‘ಗುರುತಿನ ಬೈಟು’ ಸಾಕು.

* * *

48 ಬೈಟಿನ ಬಗ್ಗೆ ಯಾರೂ ಹೇಳಲಿಲ್ಲ. ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟು, ಒತ್ತು ಕಾಗುಣಿತ ಬೇರೆ ಬೇರೆ ಎಣಿಕೆ. ‘ಸ್ಮೃತಿ’ ಕಣ್ಣಿಗೆ ಎರಡಕ್ಷರ, ಒಳಗೆ ಆರು ಸಂಕೇತ, 18 ಬೈಟು. ‘ಮುಕ್ತ ಸ್ಮೃತಿ ಪಟ್ಟಿ’ 50 ಬೈಟು. 48ಕ್ಕೆ ಕತ್ತರಿಸಿದರೆ ಕೊನೆಯ ಗುಡಿಸಿನ ಒಂದೇ ಬೈಟು ಉಳಿಯುತ್ತದೆ: ‘ಪಟ್ಟಿ’ ಹೋಗಿ ‘ಪಟ್ಟ’, ಪಕ್ಕದಲ್ಲಿ ಮುರುಕು ಚೌಕ.

ತೆರವು ಪಟ್ಟಿ 31, ಎತ್ತಿಟ್ಟ ಪಟ್ಟಿ 40, ಎತ್ತಿಡುವ ಮಿತಿ 37, ಮೀಸಲು ಬ್ಲಾಕುಗಳು 43. ನಾಲ್ಕೂ ಜಾಗದಲ್ಲಿ ಹಿಡಿಯುತ್ತವೆ.

* * *

ನಾಲ್ಕನ್ನೂ ಹಾಕಿದ್ದೇನೆ, ಎಲ್ಲರಿಗೂ ಧನ್ಯವಾದ. ಎಚ್ಚರಿಕೆಯ ಸಂದೇಶ ಒಂದು ಬಾಕಿ: ‘ತೆರವು ಪಟ್ಟಿ ಖಾಲಿ’. ಈಗ ಇಲ್ಲಿ ‘ಖಾಲಿ’ ಸರಿ ತಾನೇ?

* * *

ಅರ್ಥಕ್ಕೆ ಸರಿ.

* * *

‘ಖಾಲಿ’ಯೂ ಅರಬ್ಬಿಯದೇ. ‘ತೆರವು ಪಟ್ಟಿ ಬರಿದು’ ಎನ್ನಿ. 47 ಬೈಟು, ಎಣಿಸಿದ್ದೇನೆ.