‘ಗನ್‌ಸ್ಮೋಕ್’ ಎಲ್ಲಿಂದ ನೋಡಲು ಆರಂಭಿಸಬೇಕು? ನೋಡಿ ಬಲ್ಲವರು ದಯವಿಟ್ಟು ತಿಳಿಸಿ

ಪ್ರಶ್ನೆ, ಆಸ್ಟಿನ್‌ನಿಂದ

ನನ್ನ ತಂದೆಯವರು ಧಾರವಾಡ ಜಿಲ್ಲೆಯಲ್ಲಿ ಸಬ್‌ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದವರು. ಈಗ ಟೆಕ್ಸಾಸ್‌ನ ನಮ್ಮ ಮನೆಗೆ ಬಂದಿದ್ದು, ದೀಪಾವಳಿಯವರೆಗೆ ಇರುತ್ತಾರೆ. ಮಧ್ಯಾಹ್ನದ ಹೊತ್ತು ಹಳೆಯ ಧಾರಾವಾಹಿಗಳ ಚಾನೆಲ್ ಒಂದರಲ್ಲಿ ‘ಗನ್‌ಸ್ಮೋಕ್’ ಎಂಬ ಅಮೆರಿಕದ ಕೌಬಾಯ್ ಧಾರಾವಾಹಿ ಕಣ್ಣಿಗೆ ಬಿದ್ದಂದಿನಿಂದ ಅವರಿಗೆ ಅದರ ಗುಂಗು ಹಿಡಿದಿದೆ. ಆದರೆ ಒಂದು ದಿನ ಕಪ್ಪು ಬಿಳುಪು, ಮರುದಿನ ಬಣ್ಣ. ಒಂದರಲ್ಲಿ ಕುಂಟುವ ಸಹಾಯಕ, ಇನ್ನೊಂದರಲ್ಲಿ ಕುರುಚಲು ಗಡ್ಡದವನು. ಒಟ್ಟು 635 ಕಂತುಗಳಿವೆಯೆಂದು ತಿಳಿಯಿತು. ಎಲ್ಲವನ್ನೂ ನೋಡುವುದು ಆಗದ ಮಾತು. ಎಲ್ಲಿಂದ ಆರಂಭಿಸಬೇಕು, ಅನುಕ್ರಮದಲ್ಲಿಯೇ ನೋಡಬೇಕೇ, ಅವರ ಇಂಗ್ಲಿಷಿಗೆ ಸಂಭಾಷಣೆ ನಿಲುಕುತ್ತದೆಯೇ ಎಂಬುದನ್ನು ಮನೆಯ ಹಿರಿಯರೊಂದಿಗೆ ಕೂತು ನೋಡಿದವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ, ನ್ಯೂಜೆರ್ಸಿಯಿಂದ

ನಮ್ಮ ಮಾವನವರು ಇಲ್ಲಿಗೆ ಬಂದಾಗಲೆಲ್ಲ ನಾವು ಊಟದ ನಂತರ ನೋಡುತ್ತಿದ್ದುದು ಇದನ್ನೇ. ಆ ಅನುಭವದ ಮೇಲೆ ಹೇಳುವುದಾದರೆ, ಮೊದಲ ಆರು ಸೀಸನ್‌ಗಳ ಅರ್ಧ ಗಂಟೆಯ ಕಂತುಗಳಿಂದಲೇ ಆರಂಭಿಸಿರಿ. ಈ ಧಾರಾವಾಹಿ 1955ರ ಸೆಪ್ಟೆಂಬರ್ 10ರಿಂದ 1975ರ ಮಾರ್ಚ್ 31ರವರೆಗೆ, ಇಪ್ಪತ್ತು ಸೀಸನ್ ನಡೆಯಿತು. 1961ರವರೆಗಿನ 233 ಕಂತುಗಳು ಅರ್ಧ ಗಂಟೆಯವು. ಅಲ್ಲಿಂದ ಮುಂದಿನವು ಒಂದು ಗಂಟೆಯವು. 1966ರಲ್ಲಿ ಬಣ್ಣ ಬಂದಿತು. ನಿಮ್ಮ ತಂದೆಯವರಿಗೆ ದಿನಕ್ಕೊಂದು ರೂಪ ಕಾಣುತ್ತಿರುವುದಕ್ಕೆ ಇದೇ ಕಾರಣ.

ಅರ್ಧ ಗಂಟೆಯ ಕಂತುಗಳನ್ನು ನಾನು ಮೊದಲು ಹೇಳುವುದು ಅವು ಚಿಕ್ಕವೆಂಬ ಕಾರಣಕ್ಕಲ್ಲ. ‘ಗನ್‌ಸ್ಮೋಕ್’ 1952ರಲ್ಲಿ ಸಿಬಿಎಸ್ ರೇಡಿಯೊದಲ್ಲಿ ಹುಟ್ಟಿದ್ದು. ಅದನ್ನು ಕಟ್ಟಿದವರು ನಿರ್ಮಾಪಕ ನಾರ್ಮನ್ ಮ್ಯಾಕ್‌ಡಾನೆಲ್ ಮತ್ತು ಲೇಖಕ ಜಾನ್ ಮೆಸ್ಟನ್. ಅದುವರೆಗಿನ ಕೌಬಾಯ್ ಕಥೆಗಳು ಬಹುಮಟ್ಟಿಗೆ ಮಕ್ಕಳಿಗಾಗಿ ಇದ್ದಾಗ, ಇವರು ದೊಡ್ಡವರಿಗಾಗಿ, ಸಾವಿನ ಭಾರವನ್ನು ಮರೆಮಾಚದೆ ಬರೆದರು. ಟಿವಿಯ ಆರಂಭದ ಕಂತುಗಳಲ್ಲಿ ಅನೇಕವು ಮೆಸ್ಟನ್ ಅವರ ಆ ರೇಡಿಯೊ ಕಥೆಗಳನ್ನೇ ಆಧರಿಸಿದವು. ಕೇಳುವುದಕ್ಕೆಂದು ಬರೆದ ಮಾತಾದ್ದರಿಂದ ಅದರಲ್ಲಿ ಒಂದು ಪದವೂ ಹೆಚ್ಚಿಲ್ಲ. ಕಂತು ಆರಂಭವಾಗುವುದೇ ಕಥಾನಾಯಕ, ಕಾನೂನು ಕಾಯುವ ಮಾರ್ಷಲ್ ಮ್ಯಾಟ್ ಡಿಲನ್ ಬೂಟ್ ಹಿಲ್ ಎಂಬ ಊರಾಚೆಯ ಸ್ಮಶಾನದಲ್ಲಿ ಗೋರಿಗಳ ನಡುವೆ ನಡೆಯುತ್ತ, ಇಲ್ಲಿ ಮಲಗಿದವರು ಹೇಗೆ ಇಲ್ಲಿಗೆ ಬಂದರೆಂದು ಯೋಚಿಸುವುದರಿಂದ.

ಪ್ರಸಾರವಾದ ಮೊದಲ ಕಂತನ್ನು ತಪ್ಪದೆ ತೋರಿಸಿರಿ. ಅದಕ್ಕೆ ಪೀಠಿಕೆ ಹೇಳುವವರು ಕೌಬಾಯ್ ಚಿತ್ರಗಳ ಪ್ರಖ್ಯಾತ ನಟ ಜಾನ್ ವೇಯ್ನ್ ಸ್ವತಃ. ಡ್ಯಾನ್ ಗ್ರ್ಯಾಟ್ ಎಂಬ ಬಂದೂಕುಗಾರ, ಕಥೆ ನಡೆಯುವ ಕಾನ್ಸಾಸ್‌ನ ಡಾಡ್ಜ್ ಸಿಟಿಗೆ ಬರುತ್ತಾನೆ, ಮ್ಯಾಟ್ ಎದುರಿಸುತ್ತಾನೆ, ಗುಂಡು ತಗುಲಿ ನೆಲಕ್ಕೆ ಬೀಳುವವನು ಮ್ಯಾಟ್! ಧಾರಾವಾಹಿಯ ನಾಯಕ ಮೊದಲ ದಿನವೇ ಸೋತು ವೈದ್ಯರ ಹಾಸಿಗೆ ಸೇರುತ್ತಾನೆ. ಅಲ್ಲಿ ಮಲಗಿ ಯೋಚಿಸುವಾಗ ಅವನಿಗೆ ಹೊಳೆಯುವುದೇನೆಂದರೆ, ಗ್ರ್ಯಾಟ್ ವೇಗಿಯೇ ಹೊರತು ಗುರಿಕಾರನಲ್ಲ, ಆದ್ದರಿಂದಲೇ ಎದುರಾಳಿಗೆ ತೀರ ಹತ್ತಿರ ಬಂದು ನಿಲ್ಲುತ್ತಾನೆ. ಗುಣವಾದ ಮೇಲೆ ಮ್ಯಾಟ್ ಅವನನ್ನು ಹತ್ತಿರ ಬರಗೊಡದೆ, ದೂರದಲ್ಲಿ ತಡೆದು ಗೆಲ್ಲುತ್ತಾನೆ. ಶೌರ್ಯಕ್ಕಿಂತ ಗಮನಿಸುವ ಕಣ್ಣು ದೊಡ್ಡದೆಂದು ತೋರಿಸುವ ಈ ಕಂತು ತನಿಖೆ ಮಾಡಿದ ಅಧಿಕಾರಿಗೆ ಹಿಡಿಸದೆ ಇರಲಾರದು.

1957ರ ‘ಬ್ಲಡಿ ಹ್ಯಾಂಡ್ಸ್’ ಇನ್ನೊಂದು. ದರೋಡೆಕೋರರನ್ನು ಕೊಂದು ಬಂದ ಮ್ಯಾಟ್‌ಗೆ ತನ್ನ ಕೈಯ ರಕ್ತ ಸಾಕೆನಿಸಿ, ಬ್ಯಾಜ್ ಕಳಚಿಡುತ್ತಾನೆ. ನಂತರ ಊರಿನಲ್ಲಿ ಒಬ್ಬ ಹೆಣ್ಣುಮಗಳ ಕೊಲೆಯಾಗುತ್ತದೆ. ಕುಂಟುವ ಸಹಾಯಕ ಚೆಸ್ಟರ್ ಅವನನ್ನು ಹುಡುಕಿಕೊಂಡು ಬಂದು ಹೇಳುವ ಮಾತಿನ ಸಾರ ಇಷ್ಟು: ನನ್ನಿಂದ ಆಗುವಂತಿದ್ದರೆ ನಾನೇ ಮಾಡುತ್ತಿದ್ದೆ, ಹೆಚ್ಚಿನವರ ಕೈಯಲ್ಲಿ ಇದು ಆಗುವುದಿಲ್ಲ, ನಿಮ್ಮಿಂದ ಆಗುತ್ತದೆ, ಅದು ನಿಮ್ಮ ದುರದೃಷ್ಟ. ಚೆಸ್ಟರ್ ಪಾತ್ರದ ಡೆನಿಸ್ ವೀವರ್ ಈ ಮಾತನ್ನು ಬೇಡಿಕೊಳ್ಳುವಂತೆಯೂ ಅಲ್ಲ, ಆಜ್ಞಾಪಿಸುವಂತೆಯೂ ಅಲ್ಲ, ಸಂಕಟಪಡುತ್ತ ಹೇಳುತ್ತಾರೆ. ನಮ್ಮ ಮಾವನವರು ಟಿವಿ ಆರಿಸಲು ಹೇಳಿ ಆ ರಾತ್ರಿ ಬೇರೇನೂ ನೋಡಲಿಲ್ಲ.

ಉತ್ತರ, ಬೆಂಗಳೂರಿನಿಂದ

ಮೇಲಿನವರು ಹೇಳಿದ ಕಂತುಗಳ ಗುಣದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಹಿರಿಯರ ಕಿವಿಗೆ ಅವು ಮೊದಲ ಮೆಟ್ಟಿಲಾಗಬಾರದೆಂಬುದು ನನ್ನ ಅಭಿಪ್ರಾಯ. ಅರ್ಧ ಗಂಟೆಯ ಕಥೆಯಲ್ಲಿ ಒಂದು ವಾಕ್ಯ ತಪ್ಪಿದರೂ ಎಳೆ ಕಡಿಯುತ್ತದೆ. ನಾನು ನನ್ನ ತಾಯಿಯವರಿಗೆ ತೋರಿಸಿದ್ದು ಬಣ್ಣದ, ಒಂದು ಗಂಟೆಯ ಕಂತುಗಳನ್ನು. ಅಲ್ಲಿ ನೋಟಕ್ಕೆ, ಮೌನಕ್ಕೆ, ಬೀದಿಯ ಬಯಲಿಗೆ ಅವಕಾಶವಿದೆ. ಮಾತು ಅರ್ಧ ತಿಳಿದರೂ ಮುಖ ನೋಡಿ ಕಥೆ ತಿಳಿಯುತ್ತದೆ.

1966ರ ‘ದ ಜೈಲರ್’ನಲ್ಲಿ ಹಾಲಿವುಡ್ ನಟಿ ಬೆಟ್ಟಿ ಡೇವಿಸ್ ಇದ್ದಾರೆ. ಗಂಡನಿಗೆ ಗಲ್ಲಾದದ್ದಕ್ಕೆ ಪ್ರತಿಯಾಗಿ ಮ್ಯಾಟ್‌ನನ್ನು ಗಲ್ಲಿಗೇರಿಸಲು ಹೊರಟ ವಿಧವೆಯ ಪಾತ್ರ ಅವರದು. ಒಂದೊಂದು ದೃಶ್ಯದಲ್ಲಿಯೂ ಅವರ ಕಣ್ಣು ಮಾತಿಗಿಂತ ಮೊದಲು ಹೇಳಿಬಿಡುತ್ತದೆ. 1969ರ ‘ಮ್ಯಾನನ್’ನಲ್ಲಿ ಮ್ಯಾಟ್ ಊರಿನಲ್ಲಿ ಇಲ್ಲದಾಗ ಒಬ್ಬ ಕ್ರೂರಿ ಬಂದು ಇಡೀ ಡಾಡ್ಜ್ ಸಿಟಿಯನ್ನು ನಡುಗಿಸುತ್ತಾನೆ. ಕಾನೂನಿನ ಮನುಷ್ಯ ಇಲ್ಲದ ಊರು ಎಷ್ಟು ಬೇಗ ಬಾಗಿಲು ಹಾಕಿಕೊಳ್ಳುತ್ತದೆಂಬುದನ್ನು ಅದು ಬಿಡಿಬಿಡಿಯಾಗಿ ತೋರಿಸುತ್ತದೆ. ಇವೆರಡನ್ನು ನೋಡಿದ ಮೇಲೆ ಹಿಂದಕ್ಕೆ, ಕಪ್ಪು ಬಿಳುಪಿಗೆ ಹೋಗಿರಿ.

ಸಬ್‌ಟೈಟಲ್ ಹಾಕಿಯೇ ನೋಡಿರಿ. ಅದರಲ್ಲಿಯೂ ಕುರುಚಲು ಗಡ್ಡದ ಫೆಸ್ಟಸ್ ಹ್ಯಾಗನ್ ಆಡುವ ಗುಡ್ಡಗಾಡಿನ ಇಂಗ್ಲಿಷು ಅಮೆರಿಕದವರಿಗೇ ಪೂರ್ತಿ ಹಿಡಿತಕ್ಕೆ ಸಿಗುವಂಥದ್ದಲ್ಲ. ಆ ಪಾತ್ರ ಮಾಡಿದ ಕೆನ್ ಕರ್ಟಿಸ್ ಮೂಲತಃ ಸೊಗಸಾದ ಕಂಠದ ಗಾಯಕರೆಂಬುದನ್ನು ತಂದೆಯವರಿಗೆ ಹೇಳಿರಿ, ಅವರಿಗೆ ಸಂತೋಷವಾಗುತ್ತದೆ. ಫೆಸ್ಟಸ್ ಮತ್ತು ಡಾಕ್ಟರ್ ಆ್ಯಡಮ್ಸ್ ನಡುವಿನ ನಿತ್ಯದ ಜಗಳ ಭಾಷೆ ಬಾರದವರನ್ನೂ ನಗಿಸುತ್ತದೆ. ಡಾಕ್ಟರ್ ಪಾತ್ರದ ಮಿಲ್‌ಬರ್ನ್ ಸ್ಟೋನ್ ಅವರಿಗೆ 1968ರಲ್ಲಿ ಟಿವಿ ಕಾರ್ಯಕ್ರಮಗಳಿಗೆ ಕೊಡುವ ಎಮ್ಮಿ ಪ್ರಶಸ್ತಿ ಬಂದಿತ್ತು.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. ಮೊದಲ ಕಂತನ್ನು ನಿನ್ನೆಯೇ ನೋಡಿದೆವು. ಗ್ರ್ಯಾಟ್ ಹತ್ತಿರ ಬಂದು ನಿಲ್ಲುವುದನ್ನು ಅಪ್ಪಾಜಿ ಮ್ಯಾಟ್‌ಗಿಂತ ಮೊದಲೇ ಗುರುತಿಸಿದರು. ಈಗ ಅವರದೊಂದು ಪ್ರಶ್ನೆ: “ಈ ಮಾರ್ಷಲ್ ಯಾರ ಕೈಕೆಳಗಿನವನು? ವರದಿ ಯಾರಿಗೆ ಕಳಿಸುತ್ತಾನೆ? ಶೆರಿಫ್ ಎಂಬುವನು ಬೇರೆ ಇದ್ದಾನಲ್ಲ, ಅವನ ಠಾಣೆ ಯಾವುದು?” ನನಗೆ ಉತ್ತರ ಗೊತ್ತಿಲ್ಲ.

ಉತ್ತರ, ಕಾನ್ಸಾಸ್‌ನ ವಿಚಿಟಾದಿಂದ

ಈ ಪ್ರಶ್ನೆ ಕೇಳಿದ ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರಗಳನ್ನು ತಿಳಿಸಿರಿ. ಡಾಡ್ಜ್ ಸಿಟಿಯ ನಿಜ ಇತಿಹಾಸಕ್ಕೆ ಇದೇ ಸರಿಯಾದ ಬಾಗಿಲು.

ಆ ಕಾಲದ ಗಡಿನಾಡಿನಲ್ಲಿ, ಎಂದರೆ ಬಿಳಿಯರು ಹೊಸದಾಗಿ ನೆಲೆಸುತ್ತಿದ್ದ ಪಶ್ಚಿಮದಲ್ಲಿ, ಕಾನೂನಿನ ಅಧಿಕಾರಿಗಳು ಮೂರು ಬಗೆಯವರಿದ್ದರು. ಪಟ್ಟಣದ ಮಾರ್ಷಲ್ ಮತ್ತು ಅವನ ಸಹಾಯಕರನ್ನು ಮೇಯರ್ ಹಾಗೂ ನಗರಸಭೆ ನೇಮಿಸುತ್ತಿದ್ದರು. ಕುಡಿದು ಗಲಾಟೆ ಮಾಡಿದವರನ್ನು ಹಿಡಿಯುವ ದಿನನಿತ್ಯದ ಕೆಲಸ ಅವರದು. ಕೌಂಟಿಯ, ಎಂದರೆ ನಮ್ಮ ಜಿಲ್ಲೆಯಂಥ ವಿಭಾಗದ, ಶೆರಿಫ್‌ನನ್ನು ಜನರೇ ಮತ ಹಾಕಿ ಆರಿಸುತ್ತಿದ್ದರು. ಯುನೈಟೆಡ್ ಸ್ಟೇಟ್ಸ್ ಮಾರ್ಷಲ್ ಮಾತ್ರ ಸೆನೆಟ್ಟಿನ ಒಪ್ಪಿಗೆಯೊಂದಿಗೆ ರಾಷ್ಟ್ರಾಧ್ಯಕ್ಷರಿಂದ ನೇಮಕವಾಗಿ, ಫೆಡರಲ್, ಎಂದರೆ ಕೇಂದ್ರ ಸರಕಾರದ, ನ್ಯಾಯಾಲಯದ ವಾರಂಟುಗಳನ್ನು ಜಾರಿ ಮಾಡುತ್ತಿದ್ದ. ಅಂಚೆ ದರೋಡೆಯಂಥ ಅಪರಾಧಗಳು ಅವನ ವ್ಯಾಪ್ತಿಯವು. ಮ್ಯಾಟ್ ಡಿಲನ್ ಈ ಮೂರನೆಯ ಹುದ್ದೆಯವನು. ಆದರೆ ಕಥೆಯಲ್ಲಿ ಅವನು ಮೂವರ ಕೆಲಸವನ್ನೂ ಒಬ್ಬನೇ ಮಾಡುತ್ತಾನೆ. ನಿಜದಲ್ಲಿ ಇಡೀ ಕಾನ್ಸಾಸ್‌ಗೆ ಅಂಥ ಮಾರ್ಷಲ್ ಒಬ್ಬನೇ ಇದ್ದು, ಅವನ ಕೆಳಗೆ ಡೆಪ್ಯುಟಿಗಳು ಇರುತ್ತಿದ್ದರು. ಮ್ಯಾಟ್ ಕಲ್ಪಿತ ವ್ಯಕ್ತಿ. ಡಾಡ್ಜ್‌ನಲ್ಲಿ ನಿಜವಾಗಿ ಇದ್ದ ವ್ಯಾಟ್ ಅರ್ಪ್ ಪಟ್ಟಣದ ಸಹಾಯಕ ಮಾರ್ಷಲ್ ಆಗಿದ್ದರು. ಬ್ಯಾಟ್ ಮಾಸ್ಟರ್‌ಸನ್ 1877ರ ಚುನಾವಣೆಯಲ್ಲಿ ಫೋರ್ಡ್ ಕೌಂಟಿಯ ಶೆರಿಫ್ ಆಗಿ ಗೆದ್ದು, ಎರಡು ವರ್ಷದ ನಂತರ ಸೋತರು. ಮತ ಕೇಳಬೇಕಾದ ಪೊಲೀಸನ ಕಷ್ಟವೇನೆಂದು ನಿಮ್ಮ ತಂದೆಯವರು ಊಹಿಸಬಲ್ಲರು.

ಇನ್ನು ಆ ಊರು ಹಾಗಾದದ್ದೇಕೆ? ಅದಕ್ಕೆ ನೀವೀಗ ಇರುವ ಟೆಕ್ಸಾಸ್ ಕಾರಣ. ಅಲ್ಲಿನ ಉದ್ದ ಕೊಂಬಿನ ದನಗಳನ್ನು ಮಂದೆಗಟ್ಟಲೆ ಉತ್ತರಕ್ಕೆ ಅಟ್ಟಿಕೊಂಡು ಬಂದು, ಕಾನ್ಸಾಸ್‌ನ ರೈಲು ನಿಲ್ದಾಣಗಳಲ್ಲಿ ಬೋಗಿಗೆ ತುಂಬಿ ಪೂರ್ವದ ನಗರಗಳಿಗೆ ಕಳಿಸುತ್ತಿದ್ದರು. ಆ ದನಗಳ ಮೈಮೇಲಿನ ಉಣ್ಣಿಗಳಿಂದ ಇಲ್ಲಿಯ ರೈತರ ದನಗಳಿಗೆ ಜ್ವರ ಹತ್ತಿ ಸಾಯುತ್ತಿದ್ದವು. ಟೆಕ್ಸಾಸ್ ದನಗಳಿಗೆ ಅದು ಒಗ್ಗಿಹೋಗಿತ್ತು. ಬೇಸಾಯ ಪಶ್ಚಿಮಕ್ಕೆ ಹಬ್ಬಿದಂತೆಲ್ಲ ಸರಕಾರ ನಿರ್ಬಂಧದ ಗೆರೆಯನ್ನೂ ಪಶ್ಚಿಮಕ್ಕೆ ಸರಿಸಿತು. ಹೀಗೆ ದನದ ವ್ಯಾಪಾರ ಕಾನ್ಸಾಸ್‌ನ ಅಬಿಲೀನ್ ಪೇಟೆಯಿಂದ ಮುಂದೆ ಮುಂದೆ ಸಾಗಿ, ನಮ್ಮ ವಿಚಿಟಾವನ್ನೂ ದಾಟಿ, ಕೊನೆಗೆ 1872ರಲ್ಲಿ ಹುಟ್ಟಿದ ಡಾಡ್ಜ್ ಸಿಟಿಯಲ್ಲಿ ನೆಲೆಯೂರಿತು. 1885ರಲ್ಲಿ ಇಡೀ ರಾಜ್ಯವನ್ನೇ ಟೆಕ್ಸಾಸ್ ದನಗಳಿಗೆ ಮುಚ್ಚಿದ ಮೇಲೆ ಆ ಕಾಲ ಮುಗಿಯಿತು. ಟಿವಿಯಲ್ಲಿ ಇಪ್ಪತ್ತು ವರ್ಷ ನಡೆದ ಡಾಡ್ಜ್‌ನ ದನದ ಕಾಲ ನಿಜದಲ್ಲಿ ಹತ್ತು ವರ್ಷದ್ದು.

ನಿಮ್ಮ ತಂದೆಯವರಿಗೆ ವಿಶೇಷವಾಗಿ ಹೇಳಬೇಕಾದ ಸಂಗತಿ ಬಂದೂಕಿನದು. ಧಾರಾವಾಹಿಯಲ್ಲಿ ಕಂಡಕಂಡವರ ಸೊಂಟದಲ್ಲಿಯೂ ಪಿಸ್ತೂಲು ಇರುತ್ತದೆ. ಆದರೆ ಆಗಿನ ಡಾಡ್ಜ್‌ನಲ್ಲಿ ಪಟ್ಟಣದೊಳಗೆ ಬಂದೂಕು ಹೊರುವುದು ನಿಷಿದ್ಧವಾಗಿತ್ತು. ಬಂದವರು ಅದನ್ನು ಒಪ್ಪಿಸಿ, ಹೊರಡುವಾಗ ಪಡೆಯಬೇಕಾಗಿತ್ತು. ಭಾರತದಲ್ಲಿ ಚುನಾವಣೆ ಘೋಷಣೆಯಾದಾಗ ಪರವಾನಗಿಯ ಬಂದೂಕುಗಳನ್ನು ಠಾಣೆಗೆ ತಂದೊಪ್ಪಿಸುವ ಹಾಗೆ. ಮಾರ್ಷಲ್ಲರ ನಿಜವಾದ ಅಪಾಯ ಇದ್ದದ್ದು ನಡುಬೀದಿಯ ದ್ವಂದ್ವದಲ್ಲಿ ಅಲ್ಲ, ಕುಡಿದವನ ಕೈಯಿಂದ ಆ ಬಂದೂಕನ್ನು ಬಿಡಿಸಿಕೊಳ್ಳುವುದರಲ್ಲಿ. ಬ್ಯಾಟ್ ಅವರ ಅಣ್ಣ, ಪಟ್ಟಣದ ಮಾರ್ಷಲ್ ಎಡ್ ಮಾಸ್ಟರ್‌ಸನ್, 1878ರ ಏಪ್ರಿಲ್‌ನಲ್ಲಿ ತೀರಿಕೊಂಡದ್ದು ಹಾಗೆಯೇ. ಇತಿಹಾಸಕಾರ ರಾಬರ್ಟ್ ಡೈಕ್‌ಸ್ಟ್ರಾ ಅವರ ಎಣಿಕೆಯಲ್ಲಿ, 1870ರಿಂದ 1885ರವರೆಗೆ ಕಾನ್ಸಾಸ್‌ನ ಐದು ದನದ ಪೇಟೆಗಳಲ್ಲಿ ನಡೆದ ಕೊಲೆಗಳು ಒಟ್ಟು 45. ಟಿವಿಯ ಡಾಡ್ಜ್‌ಗೆ ಅಷ್ಟಕ್ಕೆ ಬಹಳ ಕಾಲ ಬೇಕಾಗುತ್ತಿರಲಿಲ್ಲ. ಇದನ್ನು ದೋಷವೆಂದು ಹೇಳುತ್ತಿಲ್ಲ. ನಿಜ ಯಾವುದು, ಕಥೆಗೆ ಬೇಕಾದದ್ದು ಯಾವುದು ಎಂದು ತಿಳಿದು ನೋಡಿದರೆ ಮ್ಯಾಟ್ ಮೊದಲು ಮಾತಿನಿಂದಲೇ ಬಂದೂಕು ಕೆಳಗಿಡಿಸಲು ಯತ್ನಿಸುವ ದೃಶ್ಯಗಳ ಬೆಲೆ ಹೆಚ್ಚುತ್ತದೆ.

ಉತ್ತರ, ಮೈಸೂರಿನಿಂದ

ಎರಡು ಮಾತು ಸೇರಿಸುತ್ತೇನೆ. ಮೂಲನಿವಾಸಿಗಳ ಚಿತ್ರಣ ಈ ಧಾರಾವಾಹಿಯಲ್ಲಿ ಆ ಕಾಲದ ಮಿತಿಯೊಳಗೇ ಇದೆ. ಅವರ ಬಗ್ಗೆ ಮರುಕ ತೋರಿಸುವ ಕಂತುಗಳಲ್ಲಿಯೂ ಪಾತ್ರ ವಹಿಸಿದವರು ಹಲವು ಬಾರಿ ಬಿಳಿಯರೇ. ಅರ್ಧ ಕೊಮ್ಯಾಂಚಿಯಾದ (ಅದೊಂದು ಮೂಲನಿವಾಸಿ ಬುಡಕಟ್ಟು) ಕಮ್ಮಾರ ಕ್ವಿಂಟ್ ಪಾತ್ರದಲ್ಲಿ ಮೂರು ವರ್ಷ ಇದ್ದವರು ಬರ್ಟ್ ರೆನಾಲ್ಡ್ಸ್. ಮೊಮ್ಮಕ್ಕಳು ಜೊತೆಗೆ ಕೂರುವುದಾದರೆ ಈ ಮಾತನ್ನು ಅವರಿಗೆ ಹೇಳಬೇಕು. ಬಿಳಿಯರಲ್ಲದ ಕಾನೂನು ಅಧಿಕಾರಿಗಳೂ ಗಡಿನಾಡಿನಲ್ಲಿ ಇದ್ದರು. ಗುಲಾಮರಾಗಿ ಹುಟ್ಟಿ, ಮೂಲನಿವಾಸಿಗಳಿಗೆಂದು ಬಿಟ್ಟಿದ್ದ ಇಂಡಿಯನ್ ಟೆರಿಟರಿಯಲ್ಲಿ ದೀರ್ಘ ಕಾಲ ಡೆಪ್ಯುಟಿ ಮಾರ್ಷಲ್ ಆಗಿದ್ದ ಬ್ಯಾಸ್ ರೀವ್ಸ್ ಅವರ ಹೆಸರನ್ನಾದರೂ ಮಕ್ಕಳು ಕೇಳಿರಬೇಕು.

ಎರಡನೆಯದು, ಪೊಲೀಸ್ ಕೆಲಸದ ಶಿಸ್ತೇ ಮುಖ್ಯವಾಗಿ ಬೇಕಿದ್ದರೆ ‘ಲಾಮನ್’ ಎಂಬ ಇನ್ನೊಂದು ಧಾರಾವಾಹಿಯನ್ನು ನೋಡಿರಿ. 1958ರಿಂದ 1962ರವರೆಗೆ ಎಬಿಸಿ ಟಿವಿಯಲ್ಲಿ ಬಂದದ್ದು, ಎಲ್ಲವೂ ಅರ್ಧ ಗಂಟೆಯವು. ವಯೋಮಿಂಗ್‌ನ ಲಾರಮಿಯಲ್ಲಿ ಮಾರ್ಷಲ್ ಡ್ಯಾನ್ ಟ್ರೂಪ್ ಆಗಿ ಜಾನ್ ರಸೆಲ್, ಕೆಲಸ ಕಲಿಯುವ ಡೆಪ್ಯುಟಿಯಾಗಿ ಪೀಟರ್ ಬ್ರೌನ್. ಹಿರಿಯ ಅಧಿಕಾರಿ ಕಿರಿಯವನನ್ನು ತಿದ್ದುವ ರೀತಿ ಅದರಲ್ಲಿ ಬಹಳ ಚೆನ್ನಾಗಿದೆ.

ಉತ್ತರ, ಮತ್ತೆ ನ್ಯೂಜೆರ್ಸಿಯಿಂದ

ಅನುಕ್ರಮದ ಪ್ರಶ್ನೆ ಉಳಿದುಹೋಯಿತು. ಪ್ರತಿ ಕಂತೂ ಅಲ್ಲಿಗೇ ಮುಗಿಯುತ್ತದೆ. ಎಲ್ಲಿಂದ ಎಲ್ಲಿಗೆ ಹಾರಿದರೂ ಕಥೆ ತಪ್ಪುವುದಿಲ್ಲ. ಯಾರು ಯಾವಾಗ ಇದ್ದರೆಂದು ತಿಳಿದಿದ್ದರೆ ಸಾಕು. ಚೆಸ್ಟರ್ 1964ರಲ್ಲಿ ಹೋದ. ಆ ವರ್ಷವೇ ಫೆಸ್ಟಸ್ ಖಾಯಮ್ಮಾದ. ಲಾಂಗ್ ಬ್ರಾಂಚ್ ಮದ್ಯದಂಗಡಿಯ ಒಡತಿ ಕಿಟಿ ರಸೆಲ್ ಆಗಿ ಅಮಾಂಡಾ ಬ್ಲೇಕ್ ಹತ್ತೊಂಬತ್ತು ಸೀಸನ್ ಇದ್ದು, ಕೊನೆಯದರಲ್ಲಿ ಇಲ್ಲ. ಮ್ಯಾಟ್ ಮತ್ತು ಕಿಟಿಯ ಮದುವೆ ಎಂದೂ ಆಗುವುದಿಲ್ಲವೆಂದು ಮೊದಲೇ ಹೇಳಿಬಿಡಿರಿ, ನಮ್ಮ ಮಾವನವರು ಅದಕ್ಕಾಗಿ ಬಹಳ ಕಾದರು. ಮ್ಯಾಟ್ ನಡೆಯುವಾಗ ಬಲಗಾಲು ಎಳೆಯುವುದು ಕಂಡರೆ ಅದು ಅಭಿನಯವಲ್ಲ. ಮ್ಯಾಟ್ ಪಾತ್ರದ ಜೇಮ್ಸ್ ಆರ್ನೆಸ್ ಅವರಿಗೆ 1944ರಲ್ಲಿ ಇಟಲಿಯ ಆಂಜಿಯೊ ಯುದ್ಧದಲ್ಲಿ ಆ ಕಾಲಿಗೆ ಗುಂಡು ತಗುಲಿತ್ತು.

ಇಡೀ ಸರಣಿ ಡಿವಿಡಿಯಲ್ಲಿ ಸಿಗುತ್ತದೆ. ನಿಮ್ಮ ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಮೊದಲು ವಿಚಾರಿಸಿರಿ. ಬೆಂಗಳೂರಿನವರ ಮಾತಿನಂತೆ ಬಣ್ಣದ ಒಂದೆರಡು ಕಂತುಗಳಿಂದ ಕಿವಿ ಪಳಗಲಿ, ನಂತರ ಎರಡನೆಯ ಸೀಸನ್ನಿಗೆ ಹೋಗಿರಿ. ‘ಬ್ಲಡಿ ಹ್ಯಾಂಡ್ಸ್’ ಇರುವುದು ಅಲ್ಲಿಯೇ. ಅದನ್ನು ನೋಡುವ ದಿನ ತಂದೆಯವರ ಪಕ್ಕದಲ್ಲಿ ನೀವೂ ಕೂತಿರಿ.